ಕದ್ದಿಲ್ಲ ಅಂವ

ಈದ್‌ಗೆ ಇನ್ನು ಒಂಬತ್ತು ದಿನ.
ಮುಹರ್ರಕ್ ಪೇಟೆಯ ಒಳ ಓಣಿಯಲ್ಲಿ ನಮ್ಮ ಅಂಗಡಿ,
ಮೂರು ಮಿಷನ್ನು, ಒಂದು ಎಸಿ, ಅದೂ ತೊಟ್ಟಿಕ್ಕುತ್ತದೆ.
ಬಕೆಟ್ಟು ತುಂಬಿದಾಗ ಏಳುವ ಸರದಿ ಯಾವಾಗಲೂ ನನ್ನದು,
ನಾನು ಗುಂಡಿ ಕಾಜಾದವನು, ಎಲ್ಲರಿಗಿಂತ ಕಿರಿಯ.

ಹುಸೇನಸಾಬರು ಇಳಕಲ್ಲಿನವರು, ಕತ್ತರಿ ಅವರದು.
ಸಿರಿಲ್ ಶಿರ್ವದವನು, ಹೊಲಿಗೆ ಅವನದು.
ಹದಿಮೂರು ವರ್ಷದಿಂದ ಇಬ್ಬರಿಗೂ ಒಂದೇ ಜಗಳ.
ಅಬಾಯದ ಕಪ್ಪು ಬಟ್ಟೆಯ ಜೊತೆಗೇ
ಬೆಳಿಗ್ಗೆ ಬಿಚ್ಚುತ್ತಾರೆ, ರಾತ್ರಿ ಮಡಚಿಡುತ್ತಾರೆ.

"ಕೂಡ್ಲಿಗಿ ಓಬಯ್ಯನ ಮುಂದ ಯಾರದಾರ ಹೇಳ?
ತಾನ ಬರೀತಾನ, ತಾನ ರಾಗ ಹಚ್ಚತಾನ, ತಾನ ಹಾಡತಾನ.
ತಾನ ಅರಿವಿ ಕತ್ತರಿಸಿ, ತಾನ ಹೊಲದು,
ತಾನ ತೊಟಗೊಂಡು ಬಜಾರಕ್ಕ ಬಂದಂಗ!"

"ತೊಟ್ಟದ್ದು ಸರಿ ಮಾರಾಯ್ರೆ, ಅಳತೆ ಉಂಟಾ?
ನಮ್ಮ ಪಾಂಗಾಳದ ಎವ್ಲಿನ್ ಒಂದು ಸಾಲನ್ನು
ಆರು ತಿಂಗಳು ಬಿಚ್ಚಿ ಬಿಚ್ಚಿ ಹೊಲಿಯುತ್ತಾಳೆ.
ನಿಮ್ಮವನದ್ದು ವಾರಕ್ಕೊಂದು. ರೆಡಿಮೇಡ್."

ಇಲ್ಲಿಗೆ ಕತ್ತರಿ ನಿಲ್ಲುತ್ತದೆ.
ಮುಂದಿನದೆಲ್ಲ ನನಗೆ ಬಾಯಿಪಾಠ:
ಎವ್ಲಿನ್‌ಳ ಗಿಟಾರಿನಲ್ಲಿ ಎಲ್ಲ ಹಾಡೂ ಒಂದೇ ಹಾಡು;
ಓಬಯ್ಯ ಕೋಟು ಹಾಕಿದ ವರ್ಷವೇ ಮುಗಿದ;
ಆ ಸೀಮೆಎಣ್ಣೆ ಕ್ಯೂ ಹಾಡಿನಲ್ಲಿ ಅವಳು
ತಾಯಿ ಎಂಬ ಪದ ಒಮ್ಮೆಯೂ ತರದೆ ತಾಯಿಯನ್ನು ನಿಲ್ಲಿಸಿದ್ದಾಳೆ;
ನಿಂತಾಳ ಖರೆ, ಕೈಯಾಗ ಡಬ್ಬಿ ಎಲ್ಲೈತಿ?
ಕೊನೆಗೆ ಸಿರಿಲ್‌ನ ತುರುಪಿನೆಲೆ:
"ಬಾವಿ ಹಗ್ಗದ ಆ ರಾಗ ಅವ ಕದ್ದದ್ದು."
"ಕದ್ದಿಲ್ಲ ಅಂವ!"
ಸೀಮೆಸುಣ್ಣ ಮುರಿಯುತ್ತದೆ.

ಓಬಯ್ಯನ ಅಸಲು ದನಿಯನ್ನು ನಾನು ಫೋನಿನಲ್ಲಿ ಕೇಳಿದ್ದು
ಬಂದು ಎರಡು ವರ್ಷವಾದ ಮೇಲೆ.
ನಿರಾಸೆಯಾಯಿತು.
ಹುಸೇನಸಾಬರ ಗಂಟಲಿನ ಬಿರುಕು ಅದರಲ್ಲಿರಲಿಲ್ಲ.

ಮೊನ್ನೆ ಸೀಮೆಸುಣ್ಣ ಮುರಿದ ಹೊತ್ತಿಗೆ ಸರಿಯಾಗಿ
ಉಮ್ಮ್ ಗಾನಿಮ್ ಒಳಗೆ ಬಂದರು, ಎಂಬತ್ತರ ಮುದುಕಿ.
"ಶ್‌ಫೀ? ಫ್ಲೂಸ್?"
ದುಡ್ಡಿನ ಜಗಳ ಅಂದುಕೊಂಡರು.
ನನ್ನ ಹರಕು ಅರಬ್ಬಿಯಲ್ಲಿ ತೇಪೆ ಹಚ್ಚಿ ಹೇಳಿದೆ:
ದುಡ್ಡಲ್ಲ, ಹಾಡು. ಇಬ್ಬರು ಹಾಡುಗಾರರು. ಯಾರು ದೊಡ್ಡವರು ಅಂತ.

ನಗಲಿಲ್ಲ. ಸ್ಟೂಲೆಳೆದು ಕೂತರು.
ಅವರಪ್ಪ ಒಂದು ಮುತ್ತಿನ ದೋಣಿಯಲ್ಲಿ, ಚಿಕ್ಕಪ್ಪ ಇನ್ನೊಂದರಲ್ಲಿ,
ಎರಡಕ್ಕೂ ಒಬ್ಬೊಬ್ಬ ನಹ್ಹಾಮ್,
ಹಗ್ಗ ಎಳೆಯುವವರಿಗೆ ಹಾಡಿ ಹಾಡಿ ಬಲ ಕೊಡುವವನು.
ಇವನು ಮೇಲೋ ಅವನು ಮೇಲೋ ಎಂದು
ಅಣ್ಣತಮ್ಮಂದಿರು ಎರಡು ಈದ್
ಒಂದೇ ತಾಟಿನಲ್ಲಿ ಉಣ್ಣಲಿಲ್ಲವಂತೆ.

ಆಮೇಲೆ ಬುರ್ಖಾದ ಅಂಚು ಸರಿಮಾಡಿಕೊಂಡು
ಅಪ್ಪನ ನಹ್ಹಾಮನದು ಅಂತ ಒಂದಿಷ್ಟು ಹಾಡಿ ತೋರಿಸಿದರು.
ಪದವಿರಲಿಲ್ಲ. ಹೊಟ್ಟೆಯ ತಳದಿಂದ ಒಂದು ಗುಂಗು,
ಭಾರ ಇನ್ನೂ ನೀರಿನೊಳಗೇ ಇದೆ ಎನ್ನುವ ಹಾಗೆ.
ಮಿಷನ್ನಿನ ಮೇಲಿದ್ದ ಸಿರಿಲ್‌ನ ಕಾಲು ಹಾಗೇ ನಿಂತಿತ್ತು.

"ಯಾರು ಕಟ್ಟಿದ್ದು, ಕೇಳೋ"
ಇಬ್ಬರೂ ಒಟ್ಟಿಗೇ ನನಗೆ ಅಂದರು.
ಹದಿಮೂರು ವರ್ಷದಲ್ಲಿ ಅದೊಂದೇ ಮಾತು ಕೂಡಿದ್ದು.

"ಅಪ್ಪ ಹೇಳುತ್ತಿದ್ದ, ಅವನೇ ಕಟ್ಟಿದ್ದು ಅಂತ.
ಚಿಕ್ಕಪ್ಪ ಹೇಳುತ್ತಿದ್ದ, ಕದ್ದದ್ದು ಅಂತ."
"ಅವನ ಹೆಸರು?"
ಬಾಯಿ ತೆರೆದರು, ಹುಡುಕಿದರು, ಮುಚ್ಚಿದರು.
ಚಿಕ್ಕಪ್ಪನ ಬೈಗುಳ ಮಾತ್ರ ಅಕ್ಷರ ಬಿಡದೆ ಒಪ್ಪಿಸಿದರು.
ನಂತರ ತೋಳು ಚಾಚಿ, "ಎರಡು ಬೆರಳು ಉದ್ದವಾಗಿದೆ, ತೆಗಿ."

ಬಕೆಟ್ಟು ತುಂಬಿ ಹರಿದು ನೆಲವೆಲ್ಲ ಒದ್ದೆ.
ಯಾರೂ ನನ್ನನ್ನು ಬೈಯಲಿಲ್ಲ.

ರಾತ್ರಿ ಹನ್ನೊಂದಕ್ಕೆ ಶಟರೆಳೆಯುವಾಗ
ಹುಸೇನಸಾಬರು ಬೀಗಕ್ಕೆ ಹೇಳಿದಂತೆ ಹೇಳಿದರು:
"ಕದ್ದಿಲ್ಲ ಅಂವ."
ಚಪ್ಪಲಿಗೆ ಕಾಲು ತೂರಿಸುತ್ತ ಸಿರಿಲ್ ಅಂದ:
"ಆಯ್ತು ಮಾರಾಯ್ರೆ. ನಾಳೆ ನೋಡುವ."