ನಲವತ್ತೊಂದು ಮೊಟ್ಟೆ

ಸುಣ್ಣ ಎರಡು ಚಳಿಗಾಲ ಗುಂಡಿಯಲ್ಲಿ ನೆನೆಯಬೇಕು,
ಬೆಣ್ಣೆಯಾಗುವ ತನಕ.
ಆತುರಗಾರನ ಗೋಡೆ ಗುಳ್ಳೆ ಏಳುತ್ತದೆ.
ನನಗೆ ಗೊತ್ತಿರುವುದು ಇಷ್ಟೇ. ನಾನು ಗಾರೆಯವ, ನೆರೋಚ್ಚೊ.
ಚಿತ್ರ ಬರೆದವನು ಬಾಂದೀನೊ.
ಮೊಂತೆರಾವೊ ಬೆಟ್ಟದ ಚಿಕ್ಕ ಇಗರ್ಜಿಗೆ
ಕತ್ತೆಯೇರಿ ಬಂದ; ಗಂಟಿನಲ್ಲಿ ಕೆಮ್ಮಣ್ಣು,
ಹಂದಿಕೂದಲ ಕುಂಚ,
ಎದೆಯಲ್ಲಿ ಒಂದು ಹಳೆಯ ಕೆಮ್ಮು.

ಮೊದಲು ಒರಟು ಗೋಡೆಯ ತುಂಬ ಕಾವಿಯ ಗೆರೆ ಎಳೆದ:
ಗೋದಲಿ, ಕುರುಬರು, ತಾಯಿ, ಮಗು.
ಮರುದಿನದಿಂದ ಅದನ್ನು ಮುಚ್ಚುವುದು ನನ್ನ ಕೆಲಸ.
"ಇವತ್ತಿಗೆ ಇಷ್ಟು" ಎಂದು ಗೇಣು ಹಾಕಿ ತೋರುವನು;
ಅಷ್ಟಕ್ಕೇ ಹಸಿ ಗಾರೆ ಬಳಿಯುವೆ.
ಗೆರೆ ಮಾಯ.
ಆ ಕಾಣದ್ದನ್ನೇ ನೋಡುತ್ತ, ಗಾರೆ ಒಣಗುವ ಮೊದಲು
ಅವನು ಮತ್ತೆ ಬರೆಯಬೇಕು.
ಒಂದು ತಲೆಗೆ ಒಂದು ದಿನ. ಆಕಾಶಕ್ಕೂ ಒಂದೇ.
ಸಂಜೆ, ಬಣ್ಣ ತಾಗದ ಅಂಚನ್ನು ಓರೆಯಾಗಿ ಕೊಯ್ದು ತೆಗೆಯುವೆ.
ನಾಳೆ ಅಲ್ಲಿಂದ ಶುರು.

ಒಮ್ಮೆ ಕೇಳಿದೆ: "ನಾನು ಮುಚ್ಚುವಾಗ ಹೊಟ್ಟೆ ಉರಿಯದೆ?"
ಕೆಮ್ಮಿ, ಉಗಿದು, ಹೇಳಿದ:
"ಮುಚ್ಚದಿದ್ದರೆ ಅದನ್ನೇ ನಂಬಿ ಕೂರುತ್ತಿದ್ದೆ."

ನೀಲಿಯದೇ ಬೇರೆ ಕತೆ.
ಉಣ್ಣೆ ವ್ಯಾಪಾರಿ ಅದನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ,
ತಾಯಿಯ ಮೇಲುಹೊದಿಕೆಗೆಂದು.
ಹಸಿ ಸುಣ್ಣದಲ್ಲಿ ಅದು ನಿಲ್ಲದು;
ಒಣಗಿದ ಗೋಡೆಗೆ ಮೊಟ್ಟೆಯ ಅಂಟಿನಿಂದ ಹಚ್ಚಬೇಕು.
ಮೊಟ್ಟೆ ನನ್ನ ಹೆಂಡತಿ ತೆಸ್ಸಳವು.
ಅಡುಗೆಮನೆ ಗೋಡೆಗೆ ಇದ್ದಿಲಲ್ಲಿ ಗೀಟು ಹಾಕಿ ಲೆಕ್ಕವಿಟ್ಟಳು:
ನಲವತ್ತೊಂದು.
ಕರಾರಿನಲ್ಲಿ ಮೊಟ್ಟೆಯ ಮಾತಿಲ್ಲ ಎಂದ ವ್ಯಾಪಾರಿ.
ಬಾಂದೀನೊ ಜೇಬು ಒದರಿ ತೋರಿಸಿದ.

ಕೊನೆಯ ದಿನ ಗೋದಲಿಯ ಕೆಳಗೆ
ಅಂಗೈಯಗಲದ ಹಸಿ ಗಾರೆ ಉಳಿದಿತ್ತು.
ಅಲ್ಲೊಂದು ಹೇಂಟೆ ಬರೆದ, ಬರಿಯ ಮಣ್ಣುಬಣ್ಣದಲ್ಲಿ.
ಎಡಗಾಲಲ್ಲಿ ಒಂದು ಬೆರಳಿಲ್ಲ.
ನಮ್ಮದೇ.
"ತೀರಿತು" ಎಂದು ಕತ್ತೆ ಹತ್ತಿದ.
ಆ ಚಳಿಗಾಲ ಕಣಿವೆಯಲ್ಲೆಲ್ಲೋ ಸತ್ತನೆಂದು ಉಪ್ಪಿನವರು ಹೇಳಿದರು.

"ಒಂದು ಹೇಂಟೆಯಂತೆ, ಅದೂ ಇಡುವುದಿಲ್ಲ!"
ಮೂವತ್ತು ವರ್ಷ ತೆಸ್ಸ ಬೈದಳು,
ಪ್ರತಿ ಭಾನುವಾರ ಅದರೆದುರೇ ಮಂಡಿಯೂರಿ.

ಈಗ ನೀಲಿ ಉದುರುತ್ತಿದೆ. ಗುಡಿಸುವವನ ಪೊರಕೆಗೆ
ಚೂರುಚೂರು ಸಿಗುತ್ತದೆ.
ತಾಯಿ ಕಂದು ಅಡಿಬಣ್ಣದಲ್ಲಿ ನಿಂತಿದ್ದಾಳೆ,
ಕೂಲಿಗೆ ಹೊರಟವಳಂತೆ.
ಹೇಂಟೆ ಮಾತ್ರ ಇವತ್ತು ಬೆಳಿಗ್ಗೆ ಕಾಳು ತಿಂದ ಹಾಗಿದೆ;
ಸುಣ್ಣ ಅದನ್ನು ಒಳಗೆಳೆದುಕೊಂಡು ಕಲ್ಲಾಗಿದೆ.
ಮಕ್ಕಳು ಬಂದರೆ ನೇರ ಅಲ್ಲಿಗೇ.

ಪಾಸ್ಕ ಹಬ್ಬ ಹತ್ತಿರ.
"ಅಡುಗೆಮನೆಗೆ ಸುಣ್ಣ ಹೊಡೆ ಮಾವ" ಎನ್ನುತ್ತಾಳೆ ಸೊಸೆ.
ಕದಡಿಟ್ಟು, ಕುಂಚ ಅದ್ದಿ, ನಿಂತೆ.
ಮುಚ್ಚುವುದಲ್ಲದೆ ಬೇರೇನು ಕಲಿತೆ ನಾನು?
ಕಾಣದ್ದನ್ನು ನೋಡುವುದು ಅವನಿಗೆ ಬರುತ್ತಿತ್ತು.

ಇರಲಿ ಎಂದು ಎಣಿಸಿದೆ. ಮತ್ತೆ ಎಣಿಸಿದೆ.
ಮೂವತ್ತೊಂಬತ್ತೇ ಗೀಟು.
ಎರಡು ಹೊಗೆಗೆ ಅಳಿಸಿದವೋ,
ಅವಳೇ ಎರಡು ಕೂಡಿಸಿ ಹೇಳಿದಳೋ
ಕೇಳೋಣವೆಂದರೆ, ಆಯಿತಲ್ಲ, ಬರುವ ಮಂಗಳವಾರಕ್ಕೆ
ಒಂದು ವರ್ಷ.

ಕುಂಚದಿಂದ ಸುಣ್ಣ ಕಾಲ ಮೇಲೆ ತೊಟ್ಟಿಕ್ಕುತ್ತಿದೆ.