ಅರ್ಧ ಹೊಳಪು

ಡುಲೂತ್‌ನ ನಮ್ಮ ಮನೆಯಲ್ಲಿ ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು.
ಕೆಳಗೆ ಒಗೆಯುವ ಕೋಣೆ: ಒಗೆಯಲೊಂದು ಯಂತ್ರ, ಒಣಗಿಸಲು ಇನ್ನೊಂದು,
ಅತ್ತೆಯ ಕಾಲದ ಕಲ್ಲಿನ ತೊಟ್ಟಿ,
ಅಂಗೈಯಗಲದ ಕಿಟಕಿಯಲ್ಲಿ
ಏಪ್ರಿಲ್ ಕಳೆಯುವವರೆಗೂ ಬರೀ ಹಿಮದ ಬೆನ್ನು.

ಈ ವರ್ಷ ಗೋಡೆಯ ಬಣ್ಣ ಹಪ್ಪಳದಂತೆ ಎದ್ದಿತು.
ಮುಟ್ಟಿದರೆ ಬೆರಳಿಗೆ ಪುಡಿ,
ತೊಳೆದ ದಿಂಬಿನ ಚೀಲದ ಮೇಲೆ ಹೊಟ್ಟು.
"ಬಿಳಿ ಬಳಿದುಬಿಡು, ಮುಗೀತು" ಅಂದ ಯಾಲ್ಮರ್,
ಪತ್ರಿಕೆಯಿಂದ ತಲೆ ಎತ್ತದೆ.

ಬಿಳಿ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ
ನಾನು ಬಿಳಿಯನ್ನೇ ಉಂಡಿದ್ದೇನೆ.
ನನಗೆ ಬಿಳಿ ಅನ್ನುವುದು ಬಣ್ಣವಲ್ಲ, ಪಾಳಿ.
ಬೆಳಗಿನ ಆರಕ್ಕೆ ಶುರು,
ಯಾರದೋ ರಾತ್ರಿಯ ಗುರುತು ಅಳಿಸುವವರೆಗೆ.

ಅಂಗಡಿಯಲ್ಲಿ ಬ್ರಿನ್ ಎಂಬ ಹುಡುಗಿ,
ಮುಂಗೈ ಮೇಲೆ ಹಚ್ಚೆಯ ಮೀನು,
ಚೀಟಿಗಳನ್ನು ಇಸ್ಪೀಟಿನಂತೆ ಹರಡಿದಳು.
ಮಂಜಿನ ಬಂದರು. ಒದ್ದೆ ಕಲ್ಲು. ಬಾತುಕೋಳಿ ಮೊಟ್ಟೆ.
ಹದಿನೇಳು ಬಗೆಯ ಬೂದಿಗೆ ಹದಿನೇಳು ಹೆಸರು;
ಸರೋವರ ದಿನಕ್ಕೆ ಇಪ್ಪತ್ತು ತೋರಿಸುತ್ತದೆ,
ಪುಕ್ಕಟೆ, ಹೆಸರಿಡದೆ.

ಆಮೇಲೆ ಹೊಳಪಿನ ಪಾಠ.
ಮ್ಯಾಟ್ ಆದರೆ ಉಗಿ ಕುಡಿಯುತ್ತದೆ, ಒರೆಸಿದ ಗಾಯ ಉಳಿಯುತ್ತದೆ.
ಮೊಟ್ಟೆಚಿಪ್ಪಿನ ಹೊಳಪು ಮಲಗುವ ಕೋಣೆಗೆ.
ಸ್ಯಾಟಿನ್ ಪರವಾಗಿಲ್ಲ.
ಪೂರ್ತಿ ಹೊಳಪು ಮಾತ್ರ ಬೇಡ ಅಮ್ಮಾ,
ಗೋಡೆಯ ಒಂದೊಂದು ಉಬ್ಬಿನ ಮೇಲೂ ಚಾಡಿ ಹೇಳುತ್ತದೆ.
"ಹಾಗಾದರೆ ಅರ್ಧ ಹೊಳಪು" ಅಂದೆ.
ಮದುವೆಯಾಗಿ ನಲವತ್ತೊಂಬತ್ತು ವರ್ಷವಾದವಳಿಗೆ
ಅದನ್ನು ವಿವರಿಸಬೇಕಿರಲಿಲ್ಲ.

ಬಣ್ಣ?
ಕೈಚೀಲದಿಂದ ಯಾಲ್ಮರನ ಬನಿಯನ್ ತೆಗೆದೆ,
ಒರೆಸುವ ಬಟ್ಟೆಗಳ ನಡುವೆ ಉಳಿದುಹೋದದ್ದು.
ಅದಿರಿನ ಕಟ್ಟೆಯಲ್ಲಿ ದುಡಿದವನ ಬನಿಯನ್ ನೋಡಿದ್ದೀರಾ?
ಹಡಗಿನ ಹೊಟ್ಟೆಗೆ ಕಬ್ಬಿಣದ ಮಣ್ಣು ಸುರಿದು ಬಂದರೆ
ಕಿವಿಯ ಹಿಂದೆ ಕೆಂಪು, ಉಗುರಿನಲ್ಲಿ ಕೆಂಪು,
ಸ್ನಾನವಾದ ಮೇಲೂ ದಿಂಬಿನಲ್ಲಿ ಅವನ ತಲೆಯ ನಕಾಶೆ.
ನನ್ನ ಕೈಯಲ್ಲಿ ರಕ್ತದ ಕಲೆ ಬಿಟ್ಟಿದೆ, ಅಯೋಡಿನ್ ಬಿಟ್ಟಿದೆ.
ಇದು ಬಿಡಲಿಲ್ಲ.
ನಿಂಬೆ, ಉಪ್ಪು, ಸೋಡಾ, ನೀಲಿ, ಬೈಗುಳ...
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅಂತ
ತೊಟ್ಟಿಯಲ್ಲಿ ಕಾದು ಕೂತಿರುತ್ತಿತ್ತು
ಅದೇ ಕೆಂಪು, ವಾರಕ್ಕೆ ಎರಡು ಸಲ.

ಕಂಕುಳ ಬಳಿಯ ಕಲೆಗೆ ಯಂತ್ರದ ಕಣ್ಣು ಒತ್ತಿದಳು ಬ್ರಿನ್.
ಟಿಕ್ ಅಂತು.
ಕೆಮ್ಮಣ್ಣಿಗಿಂತ ಒಂದು ಚಿಟಿಕೆ ಕಪ್ಪು.
"ಇದಕ್ಕೆ ಹೆಸರಿಲ್ಲ, ಬರೀ ನಂಬರು" ಅಂದಳು,
ತಪ್ಪು ತನ್ನದೇ ಎಂಬಂತೆ.
ಬೇಕಾದರೆ ಮುಚ್ಚಳದ ಮೇಲೆ ನೀವೇ ಬರೆಯಬಹುದಂತೆ.
ಬರೆಯಲಿಲ್ಲ.

ಸಂಜೆ ಯಾಲ್ಮರ್ ಕಂಬಿ ಹಿಡಿದು ಹನ್ನೊಂದೂ ಇಳಿದ.
ಮಂಡಿಯ ದೆಸೆಯಿಂದ ಎಂಟು ತಿಂಗಳು ಇಳಿದಿರಲಿಲ್ಲ.
ಯಂತ್ರಗಳ ಹಿಂದಿನ ಒಂದೇ ಗೋಡೆ ಬಳಿದಿದ್ದೆ, ಇನ್ನೂ ಹಸಿ.
ನೋಡಿದ.
"ಇದನ್ನು ಮೈಯಿಂದ ಬಿಡಿಸಿಕೊಳ್ಳೋಕೆ
ಪಿಂಚಣಿವರೆಗೂ ಕಾದೆ."
"ನಾನೂ."
ಹತ್ತಿರ ಹೋಗಿ ಮೂಸಿದ, ಅಲ್ಲಿ ಮಣ್ಣಿನ ವಾಸನೆ ಇರಬಹುದೆಂದು.
"ನಮ್ಮದು ಇಷ್ಟು ಹೊಳೀತಿರಲಿಲ್ಲ."
"ಒಣಗಿದರೆ ಇಳಿಯುತ್ತಂತೆ."

ಎರಡನೆಯ ಕೋಟಿಗೆ ಇನ್ನೂ ನಾಲ್ಕು ಗಂಟೆ.
ಉಳಿದ ಮೂರು ಗೋಡೆಯ ಮಾತು ಇಬ್ಬರೂ ಎತ್ತಲಿಲ್ಲ.
ಮೆಟ್ಟಿಲ ಮೇಲೆ ಒಗೆಯದ ಬಟ್ಟೆಯ ರಾಶಿ.
ಕೊಳವೆಯ ಹಿಂದೆ ನಾನು ಬಿಟ್ಟ ಜಾಗಕ್ಕೆ
ಕೋಲಿನಿಂದ ತೋರಿಸಿದ, ಅಲ್ಲಿ, ಅಲ್ಲ, ಇನ್ನೂ ಕೆಳಗೆ.
ಆಮೇಲೆ ಕೇಳಿದ,
"ಕೂರೋಕೆ ಏನಾದ್ರೂ ಇದೆಯಾ ಇಲ್ಲಿ?"
ಬಕೆಟ್ಟು ಬೋರಲು ಹಾಕಿಕೊಟ್ಟೆ.