ಸಂದು ಬಿಟ್ಟ ಗೋಡೆ

ಫಾರಮಿನಲ್ಲಿ ಹದಿನಾಲ್ಕು ಕಲಂ.
ಒಂದು: ಕಟ್ಟಿದ್ದು ಯಾರು?
ಎರಡು: ಯಾವ ಇಸವಿ?
ಮೂರು: ಈಗಿನ ಮಾಲೀಕರ ಹೆಸರು ಮತ್ತು ಮೊಹರು.

ಕ್ಯೂಶೂವಿನ ಈ ಪಡುವಣ ಅಂಚಿಗೆ ನಾನು
ಪುರಸಭೆಯ ಬಿಳಿ ವ್ಯಾನಿನಲ್ಲಿ ಬಂದಿದ್ದೆ.
ಹಿಂದಿನ ಸೀಟಿನಲ್ಲಿ ಸಿಮೆಂಟಿನ ಚೀಲ, ಮಾದರಿಗೆ.
ಜೇಬಿನಲ್ಲಿ ಮಂಜೂರಾತಿ:
ಪರಂಪರೆಯ ಸಂರಕ್ಷಣೆ, ಮೊದಲ ಕಂತು.

ಕಡಲು ತುಂಬಿತ್ತು. ಗೋಡೆ ಕಾಣಲೇ ಇಲ್ಲ.
"ಎಲ್ಲಿದೆ?" ಎಂದೆ.
ಶಿಗೆನೊ ಅಜ್ಜಿ ಗಡಿಯಾರ ನೋಡಲಿಲ್ಲ,
ನಡುನೀರಿನಲ್ಲಿ ಏನೂ ಇಲ್ಲದ ಕಡೆ
ನಿಂತಿದ್ದ ಬಕವನ್ನು ನೋಡಿದಳು.
"ಅದರ ಕಾಲ ಕೆಳಗೆ. ಚಹಾ ಕುಡಿ."

ಎರಡು ಲೋಟ ಬಾರ್ಲಿ ಚಹಾ, ಉಪ್ಪಿನಲ್ಲಿ ನೆನೆದ ಮೂಲಂಗಿ.
ಅಷ್ಟರಲ್ಲಿ ಕಡಲು
ಬಾಗಿ ಬಾಗಿ ವಂದಿಸುತ್ತ ಬಾಗಿಲತ್ತ ಸರಿಯುವ
ನೆಂಟನ ಹಾಗೆ ಹಿಂದೆ ಹಿಂದೆ ಹೋಯಿತು.
ಮೊದಲು ಒಂದು ಕಲ್ಲಿನ ನೆತ್ತಿ, ಪಾಚಿಯ ಜುಟ್ಟು.
ಆಮೇಲೆ ಇನ್ನೊಂದು, ಆಮೇಲೆ ಇನ್ನೂರು,
ಆಮೇಲೆ ಇಡೀ ಗೋಡೆ, ಬಿದಿಗೆಯ ಚಂದ್ರನಷ್ಟು ಬಾಗಿ.
ಎದೆಮಟ್ಟ. ಗಾರೆಯಿಲ್ಲ.
ಒಂದರ ಮೇಲೊಂದು ಇಟ್ಟದ್ದು, ಅಷ್ಟೇ.
ಒಳಗುಳಿದ ನೀರಿನಲ್ಲಿ
ಹೊರಡುವುದನ್ನು ಮರೆತ ಮೀನು.

ಎಂಬತ್ತೊಂದರ ಮೊಣಕಾಲು ನೀರಿಗಿಳಿದರೆ ನಲವತ್ತರದು.
ಬುಟ್ಟಿಗೆ ಸೀಗಡಿ ಒಂದು ಬೊಗಸೆ,
ಬೊಂಡಾಸ್ ಎರಡು, ಸಿಟ್ಟಿಗೆ ಮಸಿ ಕಕ್ಕುತ್ತ.
ಸಣ್ಣವನ್ನೆಲ್ಲ ಗೋಡೆಯಾಚೆ ಎಸೆದು
"ಮೈ ತುಂಬಿಕೊಂಡು ಬನ್ನಿ" ಎಂದು ಗದರಿದಳು.

ನಾನು ಸಂದುಗಳ ಫೋಟೊ ತೆಗೆದೆ:
ಬೆರಳು ತೂರುವವು, ಮುಷ್ಟಿ ತೂರುವವು.
"ಇವನ್ನೆಲ್ಲ ತುಂಬಿಕೊಡುತ್ತೇವೆ, ಅಜ್ಜಿ. ಸರಕಾರದ ಖರ್ಚು.
ಐವತ್ತು ವರ್ಷ ಒಂದು ಕಲ್ಲೂ ಕದಲದು."

ಅವಳು ಬುಟ್ಟಿ ಕೆಳಗಿಟ್ಟಳು.
"ದಾರಿ ಬಿಟ್ಟವರನ್ನು ಕಡಲು ಹಾದು ಹೋಗುತ್ತದೆ, ತಮ್ಮಾ.
ಬಿಡದವರ ಕಪಾಳಕ್ಕೆ ಹೊಡೆಯುತ್ತದೆ.
ಆಚೆ ಕೊಲ್ಲಿಯವರು ಮೆತ್ತಿದರು, ನನ್ನ ಮದುವೆಯ ವರ್ಷ.
ಬೂದು ಗೋಡೆ, ಕೆನ್ನೆಯಷ್ಟು ನುಣುಪು.
ಬುತ್ತಿ ಕಟ್ಟಿಕೊಂಡು ನೋಡಲು ಹೋಗಿದ್ದೆವು.
ಸೆಪ್ಟೆಂಬರಿನ ತುಫಾನು ಅದನ್ನು ಇಡಿಯಾಗಿ ಮಲಗಿಸಿತು.
ನಮ್ಮದೂ ಬಿತ್ತು, ಸುಳ್ಳೇಕೆ, ಮುನ್ನೂರು ಕಲ್ಲು.
ನಾವು ಎತ್ತಿಟ್ಟೆವು.
ಅವರಿಗೆ ಎತ್ತುವಂಥದ್ದೇ ಉಳಿದಿರಲಿಲ್ಲ."

ಅವಳ ಬೆನ್ನ ಹಿಂದೆ ಗುಡ್ಡ, ಗುಡ್ಡಕ್ಕೆ ಮೆಟ್ಟಿಲುಗದ್ದೆ,
ಅಲ್ಲೂ ಇದೇ ಕಲ್ಲು, ಇದೇ ಕೈ.
ಚಳಿಗಾಲಕ್ಕೆ ಕಡಲಪಾಚಿ ಮೇಲೆ ಹೋಗುತ್ತದೆ, ಗೊಬ್ಬರಕ್ಕೆ;
ಕೊಯ್ಲು ಮುಗಿದರೆ ಹುಲ್ಲು ಕೆಳಗೆ ಬರುತ್ತದೆ, ಹಗ್ಗಕ್ಕೆ.
ಕಾಲುದಾರಿ ಒಂದೇ, ಒಬ್ಬರ ಅಗಲ.
ಎದುರಾದರೆ ಪಾಚಿ ಹೊತ್ತವರಿಗೆ ಮೊದಲ ದಾರಿ:
ಭಾರವೂ ಹೆಚ್ಚು, ನಾತವೂ.

ಫಾರಮು ನೆನಪಾಯಿತು. "ಕಟ್ಟಿದ್ದು ಯಾರು?"
"ಹೋದ ಏಪ್ರಿಲಿನಲ್ಲಿ ನಾವು. ಶಾಲೆಯ ಒಂಬತ್ತು ಮಕ್ಕಳೂ."
"ಮೂಲತಃ?"
"ಅದರ ಹಿಂದಿನ ಏಪ್ರಿಲಿನಲ್ಲೂ ನಾವೇ."
"ಮಾಲೀಕರು?"
"ಈ ಇಳಿತ ನನ್ನದು. ರಾತ್ರಿಯದು ಎಂಜಿರೊನದು.
ಐದನೆಯ ಸರದಿಗೆ ಈಗ ಮನೆಯಿಲ್ಲ, ಅದು ಬಕದ್ದು."

ಬರೆದುಕೊಂಡೆ. ಮೊಹರಿನ ಚೌಕ ಹಾಗೇ ಉಳಿಯಿತು.

ಕಲ್ಲೊಂದು ಜಾರಿ ಬಿದ್ದಿತ್ತು. ಎತ್ತಿಟ್ಟೆ.
ತೆಗೆದಳು, ತಿರುಗಿಸಿದಳು, ನನ್ನ ಕೈಗೇ ಕೊಟ್ಟಳು.
"ಹೊಟ್ಟೆ ಕಡಲಿಗೆ."
ಮತ್ತೆ ಇಟ್ಟೆ. ಮತ್ತೆ ತೆಗೆದಳು.
ನಾಲ್ಕನೆಯ ಸಲಕ್ಕೆ ಕಲ್ಲೇ ಟಕ್ ಎಂದಿತು.
ಷೂ ತುಂಬ ನೀರು.

ಮಳೆಗಾಲ ಕಳೆದು ಇನ್ನೊಮ್ಮೆ ಹೋದಾಗ
ವ್ಯಾನಿನಲ್ಲೇ ಉಳಿದಿದ್ದ ಸಿಮೆಂಟಿನ ಚೀಲ
ಉಪ್ಪುಗಾಳಿಗೆ ಗಟ್ಟಿಯಾಗಿ ಬಿಟ್ಟಿತ್ತು.
ಅಜ್ಜಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಳು,
ಸಂತೆಯಲ್ಲಿ ಕಲ್ಲಂಗಡಿ ತಟ್ಟಿದ ಹಾಗೆ.
"ಕಾಗದ ಸುಲಿ. ಆಕಾರ ಪರವಾಗಿಲ್ಲ,
ಕೆಳಸಾಲಿಗೆ ಆದೀತು.
ನೀನು ಆ ತುದಿ ಹಿಡಿ."